ತಾರೀಖಿನ ಬುತ್ತಿ

ಹುನಗುಂದದ ಕೋರ್ಟಿನಲ್ಲಿ ತಾರೀಖು ಇದ್ದ ದಿನ ಗುಡೂರಿನ ಗುರುಲಿಂಗವ್ವ ಹೊತ್ತು ಮೂಡುವ ಮೊದಲೇ ಎದ್ದು ಇಪ್ಪತ್ತೆರಡು ರೊಟ್ಟಿ ಬಡಿಯಬೇಕಾಗುತ್ತಿತ್ತು. ಮಾವ ಸಂಗಯ್ಯನವರಿಗೆ ನಾಲ್ಕು, ಸಾಲಿಗೆ ರಜೆ ಹಾಕಿ ಜೊತೆಗೆ ಹೋಗುವ ಗಂಡ ಬಸಯ್ಯ ಮಾಸ್ತರನಿಗೆ ಐದು, ವಕೀಲರ ಕಾರಕೂನನಿಗೆ ಐದು, ಉಳಿದ ಎಂಟು ಸಾಕ್ಷಿ ಅಮೀನಸಾಬನಿಗೆ. ಅಮೀನಸಾಬ ನಾಲ್ಕನ್ನು ಕೋರ್ಟಿನ ಬೇವಿನ ಗಿಡದ ಕೆಳಗೆ ತಿಂದು, ನಾಲ್ಕನ್ನು ಹೆಂಡತಿ ಲಾಡಬಿಗೆಂದು ಟಾವೆಲ್ಲಿನಲ್ಲಿ ಸುತ್ತಿಕೊಳ್ಳುತ್ತಿದ್ದ. ಆರು ವರ್ಷದಲ್ಲಿ ನಲವತ್ತೊಂದು ತಾರೀಖಾಗಿದ್ದವು. ರೊಟ್ಟಿಗಾಗಿ ತೆರೆದ ಅಮೀನಸಾಬನ ಬಾಯಿ ಸಾಕ್ಷಿಗಾಗಿ ಒಮ್ಮೆಯೂ ತೆರೆದಿರಲಿಲ್ಲ. ಒಂದು ಸಲ ಎದುರು ವಕೀಲರಿಗೆ ನೆಗಡಿ, ಇನ್ನೊಂದು ಸಲ ಇವರ ವಕೀಲರ ಮನೆಯಲ್ಲಿ ಮುಂಜಿ, ಮತ್ತೊಂದು ಸಲ ಕಾಗದದ ಚೀಲವನ್ನು ಸಂಗಯ್ಯನವರೇ ಇಳಕಲ್ಲ ಬಸ್ಸಿನಲ್ಲಿ ಮರೆತು ಇಳಿದಿದ್ದರು.

ಜಗಳದ ಮೂಲ ಒಂದು ಹಗೇವು. ಸಂಗಯ್ಯನವರ ಮನೆಗೂ ಪಕ್ಕದ ಅಮಾತೆಪ್ಪನ ಮನೆಗೂ ನಡುವಿನ ಓಣಿಯಲ್ಲಿ, ಎರಡೂ ಮನೆಯ ಹಿರಿಯರು ಕೂಡಿ ತೋಡಿಸಿದ್ದ ನೆಲದೊಳಗಿನ ಕಣಜ ಅದು. ಯಾರ ಜೋಳ ಎಷ್ಟು ಚೀಲ ಇಳಿಯಿತೆಂದು ಸಂಗಯ್ಯನವರ ಗೋಡೆಯ ಮೇಲೆ ಕೆಮ್ಮಣ್ಣಿನ ಗೆರೆ ಎಳೆಯುವುದು ವಾಡಿಕೆ. ಎಡಕ್ಕೆ ಇವರ ಗೆರೆ, ಬಲಕ್ಕೆ ಅವರದು. ಎಪ್ಪತ್ತಾರರಲ್ಲಿ ಮೂವತ್ತು ಚೀಲ ಇಳಿಸಿ ಬಾಯಿ ಮುಚ್ಚಿದ ಹದಿನೈದು ದಿನಕ್ಕೆ, ಮೊಮ್ಮಗಳ ತೊಟ್ಟಿಲ ಕಾರ್ಯವೆಂದು ಸಂಗಯ್ಯನವರು ಮನೆಗೆಲ್ಲ ಸುಣ್ಣ ಬಳಿಸಿದರು. ಗೆರೆಗಳೂ ಬೆಳ್ಳಗಾದವು. ಆಮೇಲೆ ನೋಡಿದರೆ ಸಂಗಯ್ಯನವರ ನೆನಪಿನಲ್ಲಿ ಇವರದು ಹದಿನೆಂಟು, ಅವರದು ಹನ್ನೆರಡು. ಅಮಾತೆಪ್ಪನ ನೆನಪಿನಲ್ಲಿ ಸಮಸಮ ಹದಿನೈದು. ಮೂರು ಚೀಲದ ಮಾತು ಬಾಯಿಂದ ಬಾಯಿಗೆ ಬೆಳೆದು ಹುನಗುಂದ ಮುಟ್ಟಿತು. ಹಗೇವು ಯಾರದೆಂದು ತೀರ್ಮಾನವಾಗುವವರೆಗೆ ಯಾರೂ ಅದರ ಬಾಯಿ ತೆಗೆಯಕೂಡದು, ಯಥಾಸ್ಥಿತಿ ಕಾಯಬೇಕು ಎಂದು ಹುಕುಮಾಯಿತು.

ಬಸಯ್ಯ ಅದನ್ನು ವ್ಯಥಾಸ್ಥಿತಿ ಎನ್ನುತ್ತಿದ್ದ. ಮಗಳೂ ದಾವೆಯೂ ಒಂದೇ ವಾರಿಗೆಯವು, ಮಗಳು ಒಂದನೇ ಇಯತ್ತೆಗೆ ಬಂದಳು, ದಾವೆ ಇನ್ನೂ ತೊಟ್ಟಿಲಲ್ಲೇ ಐತಿ ಎಂದು ಊಟಕ್ಕೆ ಕುಳಿತಾಗ ಹೇಳಿ ಅಪ್ಪನ ಕಣ್ಣಿಗೆ ಗುರಿಯಾಗುತ್ತಿದ್ದ. ಅವನಿಗೆ ಎಂಥವರ ದನಿಯನ್ನೂ ಹಿಡಿಯುವ ವಿದ್ಯೆಯಿತ್ತು. ಬೇಲೀಫನ ಕೂಗು, ವಕೀಲ ಪಂಢರೀನಾಥರ ಮೂಗಿನ ಮಾತು, ಅಮಾತೆಪ್ಪನ ಕೆಮ್ಮು ಎಲ್ಲವೂ ಅವನ ಗಂಟಲಿನಲ್ಲಿ ವಾಸವಾಗಿದ್ದವು. ಕಷ್ಟವೆಂದರೆ ಅವನ ಸ್ವಂತ ದನಿ ಬೇಕಾದಾಗ ಮಾತ್ರ ಅದು ಮನೆಯಲ್ಲಿರುತ್ತಿರಲಿಲ್ಲ.

ದಾವೆ ಹೂಡಿದ ಹೊಸದರಲ್ಲಿ ಪಂಢರೀನಾಥರು ಒಂದು ಸಲಹೆ ಕೊಟ್ಟಿದ್ದರು. ಬಾಯಿ ತೆಗೆಯಬಾರದು ನಿಜ, ಆದರೆ ವಹಿವಾಟು ಬಿಡಬಾರದು. ದಿನಾ ಏನಾದರೊಂದು ಕೆಲಸ ಅದರ ಮೇಲೆ ನಡೆದಿರಬೇಕು, ನಾಲ್ಕು ಜನ ನೋಡಿರಬೇಕು. ಅಂದಿನಿಂದ ಹಗೇವಿನ ಬಾಯಿಯ ಬಂಡೆಯನ್ನು ದಿನಾ ಮುಂಜಾನೆ ಸಂಜೆ ಸೆಗಣಿ ನೀರು ಹಾಕಿ ಸಾರಿಸುವ ಕೆಲಸ ಗುರುಲಿಂಗವ್ವನ ಕೊರಳಿಗೆ ಬಿತ್ತು. ಎದುರು ಪಕ್ಷದ ವಕೀಲರೂ ಅದೇ ಪುಸ್ತಕ ಓದಿದವರಿರಬೇಕು. ಅಮಾತೆಪ್ಪನ ಸೊಸೆ ಸಿದ್ದವ್ವನೂ ಬಕೆಟು ಹಿಡಿದು ಬಂದಳು. ಹೀಗೆ ಆ ಬಂಡೆಗೆ ದಿನಕ್ಕೆ ನಾಲ್ಕು ಸಲ ಸ್ನಾನವಾಗುತ್ತಿತ್ತು.

ಗುರುಲಿಂಗವ್ವನ ತವರು ಮಲಪ್ರಭೆಯ ದಂಡೆಯಲ್ಲಿ, ಶಿವಯೋಗ ಮಂದಿರದ ಹತ್ತಿರ. ಅಲ್ಲಿ ಹಗೇವಿನ ಬಾಯಿಗೆ ಬೂದಿ ಸುರಿದು, ಒಣ ಮಣ್ಣು ಗುಡ್ಡೆ ಹಾಕಿ, ಮಳೆಗಾಲದಲ್ಲಿ ಮೇಲೆ ಹುಲ್ಲು ಹೊದಿಸುವುದನ್ನು ಕಂಡವಳು ಅವಳು. ಇಲ್ಲಿ ಪಂಚನಾಮೆಯ ದಿನ ಮಣ್ಣು ಸರಿಸಿ ಬಂಡೆ ಅಳೆದವರು ಮತ್ತೆ ಮುಚ್ಚಿರಲಿಲ್ಲ. ಮುಚ್ಚಿದರೆ ಯಥಾಸ್ಥಿತಿ ಕೆಡುತ್ತದಂತೆ. ಮೊದಲ ವರ್ಷವೇ ಅವಳು ಮಾವನೆದುರು ಒಂದು ಮಾತು ಆಡಿದ್ದಳು, ಬಾಯಿಗೆ ನೀರು ಬಿದ್ದರೆ ಹೊಟ್ಟೆಗೆ ಇಳಿಯುವುದಿಲ್ಲವೇ ಎಂದು. ಕಾಯ್ದೆಯ ಮಾತಿನಲ್ಲಿ ಒಲೆಯ ಬುದ್ಧಿ ತರಬೇಡ ಎಂದು ಸಂಗಯ್ಯನವರು ಬಾಯಿ ಮುಚ್ಚಿಸಿದ್ದರು. ಹಗೇವಿನದನ್ನಲ್ಲ, ಅವಳದನ್ನು.

ನಲವತ್ತೊಂದನೆಯ ತಾರೀಖಿನಿಂದ ಅಪ್ಪ ಮಗ ಎರಡು ಸುದ್ದಿ ಹೊತ್ತು ಬಂದರು. ಒಂದು, ಬಸಯ್ಯನ ಕೈಯಲ್ಲಿದ್ದ ಅಚ್ಚಾದ ಕಾಗದದ ಕಟ್ಟು. ದಿವಾಣಿ ದಾವೆಗಳ ಖರ್ಚು ತಗ್ಗಿಸುವುದು ಹೇಗೆಂದು ಜನರನ್ನೇ ಕೇಳಲು ಸರಕಾರ ಒಂದು ಸಮಿತಿ ಮಾಡಿತ್ತು. ಮಾಸ್ತರನ ಅಕ್ಷರ ದುಂಡಗಿದೆ, ಕಕ್ಷಿದಾರರ ಮನೆಯೂ ಹೌದು ಎಂದು ಪಂಢರೀನಾಥರು ಒಂದು ಪ್ರಶ್ನಾವಳಿಯನ್ನು ಇವನಿಗೆ ಕೊಟ್ಟಿದ್ದರು. ಎರಡನೆಯ ಸುದ್ದಿಯನ್ನು ಸಂಗಯ್ಯನವರು ಕೈ ತೊಳೆಯುವವರೆಗೆ ಹೇಳಲಿಲ್ಲ.

ಊಟದ ಹೊತ್ತಿಗೆ ಬಸಯ್ಯ ಆಕಾಶವಾಣಿಯ ವಾರ್ತೆಯ ದನಿಯಲ್ಲಿ ಪ್ರಶ್ನೆಗಳನ್ನು ಓದಿದ. ನಾಲ್ಕನೆಯ ಪ್ರಶ್ನೆ, ದಾವೆಯ ಸಲುವಾಗಿ ಈವರೆಗೆ ಆದ ವೆಚ್ಚದ ವಿವರ. ಸಂಗಯ್ಯನವರು ಸ್ಟಾಂಪು, ವಕೀಲರ ಫೀ, ಸಮನ್ಸಿನ ಭತ್ತೆ, ನಕಲು, ಬಸ್ಸು ಎಂದು ಬೆರಳು ಮಡಿಚುತ್ತ ಹೋದರು. ಎರಡು ಸಾವಿರದ ಮುನ್ನೂರು ದಾಟಿತು.

"ರೊಟ್ಟಿ ಹಿಡೀಲಿಲ್ಲಲ್ರಿ," ಒಲೆಯ ಮುಂದಿನಿಂದ ಗುರುಲಿಂಗವ್ವ ಎಂದಳು.

"ರೊಟ್ಟಿಗೆ ರಶೀದಿ ಎಲ್ಲೈತಿ? ರಶೀದಿ ಇಲ್ಲದ್ದು ಖರ್ಚಲ್ಲ," ಎಂದರು ಮಾವ.

ಒಂಬತ್ತನೆಯ ಪ್ರಶ್ನೆ, ಖರ್ಚಿಗೆ ಅಂಜಿ ನ್ಯಾಯ ಕೇಳದೆ ಸುಮ್ಮನೆ ಕೂತವರು ತಮ್ಮ ಗ್ರಾಮದಲ್ಲಿ ಯಾರಾದರೂ ಇದ್ದಾರೆಯೇ? ಸಂಗಯ್ಯನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ನಮ್ಮೂರಾಗ ಅಂಥಾವ್ರು ಯಾರೂ ಇಲ್ಲಂತ ಬರಿ. ಊರ ಮರ್ಯಾದಿ ಪ್ರಶ್ನೆ," ಎಂದರು. ಬಸಯ್ಯ ದುಂಡಗಿನ ಅಕ್ಷರದಲ್ಲಿ ಬರೆದ.

ಆಮೇಲೆ ಎರಡನೆಯ ಸುದ್ದಿ ಹೊರಬಿತ್ತು. ಹಗೇವು ತೆಗೆಸಿ ನೋಡಿ ವರದಿ ಕೊಡಲು ಕೋರ್ಟಿನಿಂದ ಕಮಿಷನರ್ ಬರುವವರಿದ್ದರು. ಅರ್ಜಿ ಇವರದಾದ್ದರಿಂದ ಅವರ ಫೀ ಮುನ್ನೂರು ಇವರೇ ಕಟ್ಟಬೇಕು. ಕೊನೆಯ ವಾದಕ್ಕೆ ವಕೀಲರಿಗೆ ಇನ್ನೊಂದು ಮುನ್ನೂರು. ಆ ಮನೆಯಲ್ಲಿ ಆರುನೂರು ರೂಪಾಯಿ ಎಲ್ಲಾದರೂ ಇದ್ದರೆ ಅದು ನಾಲ್ಕು ಕಾಲಿನ ಮೇಲೆ ಕೊಟ್ಟಿಗೆಯಲ್ಲಿ ನಿಂತಿತ್ತು. ತವರಿನಿಂದ ಕರುವಾಗಿ ಬಂದು ಈಗ ಎರಡನೆಯ ಸೂಲಿನ ಹಾಲು ಕೊಡುತ್ತಿದ್ದ ಚಂದ್ರಿ ಎಮ್ಮೆ.

"ಮಾವಾರ, ಎಮ್ಮಿ ತಂಟೇಕ ಹೋಗಬ್ಯಾಡ್ರಿ. ನಿಮ್ಮ ಬಸ್ ಚಾರ್ಜ ಅದರ ಕೆಚ್ಚಲದಿಂದ ಬರ್ತೈತಿ."

"ಗೆದ್ದಮ್ಯಾಲೆ ಖರ್ಚ ಸಮೇತ ಡಿಕ್ರಿ ಆಕ್ಕೈತಿ. ಎರಡ ಎಮ್ಮಿ ತರೂಣು."

ಬಸಯ್ಯ ಮೂಗಿನಲ್ಲಿ ಪಂಢರೀನಾಥರನ್ನು ಕರೆಸಿದ. "ಸಂಗಯ್ಯಾ, ಡಿಕ್ರಿಯೊಳಗಿನ ಖರ್ಚು ಅಂದ್ರ ಕೋರ್ಟು ಒಪ್ಪಿದ ಖರ್ಚು ನೋಡು. ನಿನಗಾದ ಖರ್ಚು ಬ್ಯಾರೆ." ನಂತರ ತನ್ನ ದನಿಯಲ್ಲೇ, ದಾವೆಯ ಸಲುವಾಗಿ ಕೊಟ್ಟಿಗೆಯ ದಾವಣಿ ಖಾಲಿ ಮಾಡಬೇಡಪ್ಪ ಎಂದೂ ಸೇರಿಸಿದ. ಸಂಗಯ್ಯನವರು ತಾಟಿಗೆ ನೀರು ಹಾಕಿ ಎದ್ದರು. ಮಾತು ಮುಗಿಯಿತೆಂದು ಅದರರ್ಥ.

ನಾಲ್ಕೇ ದಿನಕ್ಕೆ ಇಳಕಲ್ಲಿನ ದಲಾಲಿ ಶಂಕ್ರಪ್ಪ ಬಂದು ಎಮ್ಮೆಯ ಹಲ್ಲು ನೋಡಿದ, ಬಾಲ ಎತ್ತಿ ನೋಡಿದ, ಕೆಚ್ಚಲು ಒತ್ತಿ ನೋಡಿದ. ಗುರುಲಿಂಗವ್ವನ ಮುಖವನ್ನು ಮಾತ್ರ ನೋಡಲಿಲ್ಲ. ಸಾವಿರದ ಆರುನೂರಕ್ಕೆ ಮಾತಾಯಿತು. ಆರುನೂರು ಮುಂಗಡ ಸಂಚಕಾರ ಎಣಿಸಿಕೊಟ್ಟು, ನಲವತ್ತು ದಿನಕ್ಕೆ ಉಳಿದ ಸಾವಿರ ತಂದು ಎಮ್ಮೆ ಹೊಡೆದುಕೊಂಡು ಹೋಗುವೆನೆಂದ. ಅಷ್ಟರೊಳಗೆ ಮನಸ್ಸು ತಿರುಗಿದರೆ ಸಂಚಕಾರ ಪೂರ್ತಿ ತಿರುಗಬೇಕು. ಎಣಿಸಿ ನೋಡಿದರೆ ನಲವತ್ತನೆಯ ದಿನ, ಮುಂದಿನ ತಾರೀಖಿನ ಮರುದಿನವೇ ಬೀಳುತ್ತಿತ್ತು.

ಗುರುಲಿಂಗವ್ವ ಮಾವನಿಗೆ ಮಜ್ಜಿಗೆ ಬಡಿಸುವುದನ್ನು ನಿಲ್ಲಿಸಿದಳು. ಎಮ್ಮೆ ಹೋದ ಮೇಲೆ ಹೇಗಿದ್ದರೂ ರೂಢಿಯಾಗಬೇಕಲ್ಲ ಎಂದು ಗಂಡನಿಗೆ ಹೇಳಿದಳು, ಮಾವನಿಗೆ ಕೇಳುವಷ್ಟು ಗಟ್ಟಿಯಾಗಿ.

ಬಂಡೆಯ ಹತ್ತಿರ ಸಿದ್ದವ್ವನೊಡನೆ ಅವಳ ಮಾತು ಆರು ವರ್ಷದಿಂದ ಪೊರಕೆಯ ಮೂಲಕವೇ ನಡೆದಿತ್ತು. ಒಬ್ಬಳು ಗುಡಿಸಿದ ಕಸವನ್ನು ಇನ್ನೊಬ್ಬಳು ತಿರುಗಿ ಗುಡಿಸುವುದು, ಅಷ್ಟೇ. ಆ ವಾರ ಒಂದು ಮುಂಜಾನೆ ಸಿದ್ದವ್ವ ಬಕೆಟು ಕೆಳಗಿಟ್ಟು, ಎಮ್ಮೆ ಮಾರಿದಿರಂತೆ ಎಂದು ಕೇಳಿದಳು. ಕುಹಕವೇನೋ ಎಂದು ಗುರುಲಿಂಗವ್ವ ತಲೆಯೆತ್ತಿದರೆ ಸಿದ್ದವ್ವನ ಕೊರಳು ಬರಿದಾಗಿತ್ತು. ಬಂಗಾರದ ಬೋರಮಾಳ ಇಳಕಲ್ಲಿನ ಸಾಹುಕಾರನ ತಿಜೋರಿ ಸೇರಿ ಎರಡು ವರ್ಷವಾಗಿತ್ತಂತೆ. ಎದುರು ವಕೀಲರೇನು ಪುಕ್ಕಟೆ ಬರುತ್ತಾರೆಯೇ?

"ನೀ ತಾರೀಖಿಗೆ ಎಷ್ಟ ಬಡೀತಿ?" ಸಿದ್ದವ್ವ ಕೇಳಿದಳು.

"ಇಪ್ಪತ್ತೆರಡು. ಅಮೀನಸಾಬಗ ಎಂಟು."

"ಅವಗ ನಾನೂ ಆರು ಕಟ್ಟತೇನಿ. ಅವ ನಮ್ಮ ಸಾಕ್ಷಿನೂ ಹೌದಲ್ಲ."

ಇಬ್ಬರೂ ಬಂಡೆಯ ಮೇಲೆ ಕುಳಿತು ನಕ್ಕರು. ಹಗೇವಿನಲ್ಲಿ ಇಳಿದು ಜೋಳ ತುಂಬಿ, ಸುತ್ತ ಹುಲ್ಲು ಹೊಂದಿಸುವ ಕೆಲಸ ಮಾಡಿದವನು ಅವನೊಬ್ಬನೇ. ಹೀಗಾಗಿ ಎರಡೂ ಪಕ್ಷ ಅವನನ್ನೇ ನಂಬಿದ್ದವು. ನಕ್ಕು ಮುಗಿದ ಮೇಲೆ ಇಬ್ಬರೂ ಎದ್ದು ತಮ್ಮ ತಮ್ಮ ಪಾಲಿನ ನೀರು ಹಾಕಿ ಸಾರಿಸಿದರು. ಮಾವಂದಿರು ಕಟ್ಟೆಯ ಮೇಲಿಂದ ನೋಡುತ್ತಿದ್ದರು.

ಇಪ್ಪತ್ತು ದಿನದ ಮೇಲೆ ಕಮಿಷನರ್ ಬಂದರು. ಪ್ರಾಣೇಶ ಎಂದು, ಬಾಗಲಕೋಟೆಯ ಎಳೆಯ ವಕೀಲರು. ಬಿಳಿ ಅಂಗಿ, ಅಳತೆಯ ಪಟ್ಟಿ, ಒಂದು ಛತ್ರಿ. ಬಂಡೆ ಸರಿಸಿ ಅಮೀನಸಾಬ ಕಂದೀಲು ಇಳಿಬಿಟ್ಟರೆ ಅದು ಕೆಳಗೆ ಮುಟ್ಟುವ ಮೊದಲೇ ಆರಿತು. ಒಳಗೆ ಕೆಟ್ಟ ಗಾಳಿ. ಬೇವಿನ ಟೊಂಗೆ ಇಳಿಸಿ ಬೀಸಿ ಬೀಸಿ ಗಾಳಿ ಹೊರಹಾಕಲು ಮಧ್ಯಾಹ್ನವಾಯಿತು. ಅಷ್ಟರಲ್ಲಿ ಪ್ರಾಣೇಶರು ಸಂಗಯ್ಯನವರ ಮನೆಯಲ್ಲಿ ಊಟ ಮಾಡಿದರು. ಪಕ್ಷಪಾತವಾದೀತೆಂದು ಅಮಾತೆಪ್ಪನೂ ತಾಟು ಹಾಕಿಸಿದ. ನಿಷ್ಪಕ್ಷಪಾತದ ಭಾರಕ್ಕೆ ಪ್ರಾಣೇಶರು ಅಲ್ಲಿಂದ ಏಳುವುದೇ ಕಷ್ಟವಾಯಿತು.

ಅಮೀನಸಾಬ ಹಗ್ಗ ಕಟ್ಟಿಕೊಂಡು ಇಳಿದ. ಮೊದಲ ಬುಟ್ಟಿ ಮೇಲೆ ಬಂದಾಗ ಕಟ್ಟೆಯ ಮೇಲಿದ್ದವರೆಲ್ಲ ಮೂಗು ಮುಚ್ಚಿದರು. ಜೋಳವಲ್ಲ, ಕಪ್ಪು ಹೆಂಟೆ. ಎರಡನೆಯದೂ ಅದೇ, ಹತ್ತನೆಯದೂ ಅದೇ. ಗೋಡೆಯ ಹುಲ್ಲು ಕೊಳೆತು ಗೊಬ್ಬರವಾಗಿತ್ತು. ಪ್ರಾಣೇಶರು ಮೂಗಿಗೆ ಕರವಸ್ತ್ರ ಹಿಡಿದು, ನೀರು ಎಲ್ಲಿಂದ ಬಂತು ಎಂದು ಕೇಳಿದರು. ಪಕ್ಕಕ್ಕೆ ಸರಿಸಿದ್ದ ಬಂಡೆ ಮುಂಜಾನೆಯ ಸಾರಣಿಕೆಯಿಂದ ಹಸಿರಾಗಿ ಹೊಳೆಯುತ್ತಿತ್ತು. ಗುರುಲಿಂಗವ್ವ ತನ್ನ ಅಂಗೈ ನೋಡಿಕೊಂಡಳು. ಎದುರಿಗೆ ಸಿದ್ದವ್ವನೂ ಅದನ್ನೇ ಮಾಡುತ್ತಿದ್ದಳು.

"ವಹಿವಾಟ ಬಿಡಬ್ಯಾಡ್ರಿ ಅಂದಿದ್ರು ವಕೀಲರು," ಎಂದರು ಸಂಗಯ್ಯನವರು. ಅಮಾತೆಪ್ಪ ಕೆಮ್ಮಿ, ನಮ್ಮವರೂ ಹಾಗೇ ಅಂದಿದ್ದರು ಎಂದ. ಆರು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಸಂಗತಿ ಅದು.

ಪ್ರಾಣೇಶರು ಮೇಲೆ ಬಂದ ಅಮೀನಸಾಬನನ್ನು, ಅಂದು ಒಟ್ಟು ಎಷ್ಟು ಚೀಲ ಇಳಿಸಿದ್ದೆ ಎಂದು ಕೇಳಿದರು.

"ಮೂವತ್ತೂವರಿ, ಸಾಹೇಬ್ರ."

ಎರಡೂ ಕಟ್ಟೆಗಳು ನೆಟ್ಟಗೆ ಕುಳಿತವು. ಆ ಅರ್ಧ ಯಾರದೆಂದು ಪ್ರಾಣೇಶರು ಕೇಳಿದರು.

"ನಂದ್ರಿ. ಇಳಿಸಿದ ಕೂಲಿ. ಮಳಿಗಾಲಕ್ಕ ಇರಲಿ ಅಂತ ಅದರಾಗ ಸುರುವಿದ್ದೆ."

"ಆರು ವರ್ಷ ಯಾಕ ಬಾಯಿ ಬಿಡಲಿಲ್ಲೋ?" ಸಂಗಯ್ಯನವರು ಕೇಳಿದರು.

"ಕೇಳಿದ್ರ ನೀವು ಕೋರ್ಟಿಗೆ ಹೋಗು ಅಂತಿದ್ರಿ. ಸ್ಟಾಂಪಿಗೆ ರೊಕ್ಕ ಎಲ್ಲೈತ್ರಿ ಅಜ್ಜಾರ? ಹ್ಯಾಂಗೂ ಎರಡೂ ಮನಿಯವ್ರು ಬುತ್ತಿ ಕೊಡಾಕತ್ತಿದ್ರಿ. ರೊಟ್ಟಿ ಲೆಕ್ಕದಾಗ ವಸೂಲ ಆಗ್ಲಿ ಅಂತ ಸುಮ್ಮಕಿದ್ದೆ."

ಉಳಿದ ಮೂವತ್ತರಲ್ಲಿ ಯಾರದೆಷ್ಟು ಎಂಬುದು ತನಗೆ ತಿಳಿಯದು, ಗೆರೆ ಎಳೆದದ್ದು ಮೇಲಿನವರು, ಕೆಳಗೆ ಇಳಿದ ಮೇಲೆ ಜೋಳದ ಕಾಳಿಗೆ ಮಾಲಕರ ಹೆಸರು ಇರುವುದಿಲ್ಲ ಎಂದ. ಪ್ರಾಣೇಶರು ಅದನ್ನು ಬರೆದುಕೊಂಡರೋ ಇಲ್ಲವೋ, ಬಸ್ಸಿಗೆ ಹೊರಟರು.

ಇಷ್ಟಾದ ಮೇಲಾದರೂ ಮುಗಿಯಿತೆಂದುಕೊಂಡಿದ್ದಳು ಗುರುಲಿಂಗವ್ವ. ಮೂರನೆಯ ದಿನ ಊಟಕ್ಕೆ ಕುಳಿತ ಮಾವ ಹೊಸ ಲೆಕ್ಕ ತೆಗೆದರು. ನೀರು ಹೆಚ್ಚು ಹಾಕಿದವಳು ಸಿದ್ದವ್ವ, ಅವಳ ಬಕೆಟು ದೊಡ್ಡದು. ಮೂವತ್ತು ಚೀಲಕ್ಕೂ ಇಂದಿನ ದರ ಹಿಡಿದು ನುಕಸಾನಿ ಕೇಳಬೇಕು. ಕೇಳುವ ಮೊತ್ತ ಹೆಚ್ಚಿದಷ್ಟೂ ಸ್ಟಾಂಪು ಹೆಚ್ಚು, ಆಗಲಿ, ಎಮ್ಮೆಯ ಉಳಿದ ಸಾವಿರ ಬರುವುದಿದೆಯಲ್ಲ. ಗೋಡೆಯಾಚೆ ಅಮಾತೆಪ್ಪನೂ ಸೊಸೆಗೆ ಇದೇ ಲೆಕ್ಕ ಹೇಳುತ್ತಿದ್ದುದನ್ನು ಬಸಯ್ಯ ಕೆಮ್ಮಿನ ಸಮೇತ ಮಾಡಿ ತೋರಿಸಿದ. ಗುರುಲಿಂಗವ್ವನಿಗೆ ನಗು ಬರಲಿಲ್ಲ.

"ಎಲ್ಲಾರ ದನೀನೂ ಬರ್ತೈತಿ ನಿಮಗ. ಸಾಕು ಅಂತ ಹೇಳೂ ದನಿ ಒಂದ ಬರೂದಿಲ್ಲೇನ್ರಿ?"

ಬಸಯ್ಯ ತಾಟಿನಲ್ಲಿ ಮುಖವಿಟ್ಟು ಉಂಡ.

ನಲವತ್ತೆರಡನೆಯ ತಾರೀಖಿನ ಮುಂಜಾನೆ ಗುರುಲಿಂಗವ್ವ ಎಂದಿನ ಹೊತ್ತಿಗೇ ಎದ್ದಳು. ಒಲೆ ಹೊತ್ತಿಸಲಿಲ್ಲ. ಹಿತ್ತಲಲ್ಲಿ ಗುಡ್ಡೆ ಹಾಕಿದ್ದ ಹಗೇವಿನ ಕಪ್ಪು ಹೆಂಟೆಗಳನ್ನು ಮೊರದಲ್ಲಿ ತುಂಬಿ ತಂದು, ಬುತ್ತಿಯ ಬಿಳಿ ಅರಿವೆಯಲ್ಲಿ ಇಪ್ಪತ್ತೆರಡು ರೊಟ್ಟಿಯ ಭಾರ ಬರುವ ಹಾಗೆ ಕಟ್ಟಿದಳು. ವಾಸನೆ ಹೊರಬೀಳದಂತೆ ಮುತ್ತುಗದ ಎಲೆ ಸುತ್ತಿ ಇನ್ನೊಂದು ಅರಿವೆ ಬಿಗಿದಳು. ಮೇಲೆ ಬೇರೆ ಗಂಟಿನಲ್ಲಿ ಶೇಂಗಾ ಹಿಂಡಿ, ಎಂದಿನಂತೆ ಆರು ಉಳ್ಳಾಗಡ್ಡಿ. ಓಣಿಯಲ್ಲಿ ಸಿದ್ದವ್ವನ ಬಳೆಯ ಸದ್ದಾಯಿತು. ಅವಳ ಕೈಯಲ್ಲೂ ಅಂಥದೇ ಗಂಟಿತ್ತು. ಅಂದು ಇಬ್ಬರೂ ಬಂಡೆಗೆ ನೀರು ಹಾಕಲಿಲ್ಲ.

ಸಂಗಯ್ಯನವರು ಅಂಗಿಯ ಒಳಕಿಸೆಯಲ್ಲಿ ವಕೀಲರ ಮುನ್ನೂರು ಇಟ್ಟುಕೊಂಡು, ಗಂಟು ಎತ್ತಿ ನೋಡಿ, ಭಾರ ಸರಿಯಾಗಿದೆ ಎಂಬಂತೆ ತಲೆಯಾಡಿಸಿ ಬಸ್ಸಿಗೆ ನಡೆದರು.

ಗುರುಲಿಂಗವ್ವ ದಿನವಿಡೀ ಎಮ್ಮೆಯ ಹತ್ತಿರವೇ ಸುಳಿದಾಡಿದಳು. ಮೈ ತೊಳೆದಳು, ಕೋಡಿಗೆ ಎಣ್ಣೆ ಹಚ್ಚಿದಳು. ಮಾರಿ ಹೋಗುವುದಾದರೆ ಚೆಂದಾಗಿಯೇ ಹೋಗಲಿ ಎಂದು ಹಚ್ಚಿದಳೋ, ಹೋಗದಿರಲಿ ಎಂದು ಹಚ್ಚಿದಳೋ ಅವಳಿಗೇ ತಿಳಿಯಲಿಲ್ಲ. ಸಂಜೆಯ ಹಾಲು ಹಿಂಡುವಾಗ ಬಸಯ್ಯ ಒಬ್ಬನೇ ಕೊಟ್ಟಿಗೆಗೆ ಬಂದು ಗೋಡೆಗೊರಗಿ ಕುಳಿತ. ಅವಳು ಕೇಳುವ ಮೊದಲೇ ಶುರುವಾಯಿತು.

ಬೇವಿನ ಗಿಡದ ಈಚೆ ಅಪ್ಪ ಗಂಟು ಬಿಚ್ಚಿದನಂತೆ, ಆಚೆ ಅಮಾತೆಪ್ಪ. ಕಾರಕೂನ ಐದು ರೊಟ್ಟಿಯ ಆಸೆಯಿಂದ ಬಗ್ಗಿದವನು ಹಾಗೇ ಹಿಂದಕ್ಕೆ ನಡೆದನಂತೆ. ಬಸಯ್ಯ ಅದನ್ನು ನಡೆದು ತೋರಿಸಿದ. ಅಮೀನಸಾಬ ಎರಡೂ ಗಂಟಿಗೆ ಮೂಗು ಹಿಡಿದು, ಒಂದು ಉಳ್ಳಾಗಡ್ಡಿ ಮಾತ್ರ ಎತ್ತಿಕೊಂಡು, "ಇದು ನನ್ನ ಅರ್ಧ ಚೀಲದ ವಾಸನಿ, ಗುರ್ತು ಸಿಕ್ತು," ಎಂದನಂತೆ. ಪಂಢರೀನಾಥರು ಬಂದು ಮೂಗಿನಲ್ಲೇ, "ಇದು ವಾದಿ ಬುತ್ತಿಯೋ ಪ್ರತಿವಾದಿ ಬುತ್ತಿಯೋ?" ಎಂದು ಕೇಳಿದರಂತೆ. ಗಿಡದ ಕೆಳಗಿದ್ದ ಬೇರೆ ಊರಿನ ಕಕ್ಷಿದಾರರೆಲ್ಲ ತಮ್ಮ ತಮ್ಮ ಬುತ್ತಿ ಎತ್ತಿಕೊಂಡು ಬಿಸಿಲಿಗೆ ಹೋದರಂತೆ.

"ಮಾವಾರು ಏನಂದ್ರು?"

ಬಸಯ್ಯ ಬಾಯಿ ತೆರೆದವನು ಮುಚ್ಚಿದ. "ಏನೂ ಅನ್ನಲಿಲ್ಲ. ಭಾಳ ಹೊತ್ತು ಅದನ್ನ ನೋಡಿದ. ಅದನ್ನ ಹ್ಯಾಂಗ ಮಾಡಿ ತೋರಿಸ್ಲಿ?" ಮತ್ತೆ ಗೋಡೆಗೊರಗಿ ಹೇಳಿದ, "ಆಮ್ಯಾಲೆ ನಾ ಅಂದೆ. ಸಾಕಪಾ ಅಂತ. ನನ್ನ ದನೀಲೆ."

ಅವಳ ಕೈ ಕೆಚ್ಚಲಿನ ಮೇಲೆ ನಿಂತಿತು, ಮತ್ತೆ ಹಿಂಡತೊಡಗಿತು. ರಾಜಿಯ ಕಾಗದಕ್ಕೆ ಇಬ್ಬರೂ ಸಹಿ ಹಾಕಿದ್ದರು. ಹಗೇವಿಗೆ ಮಣ್ಣು ತುಂಬಿಸುವುದು, ಓಣಿ ಇಬ್ಬರದೂ. ಕಾಗದ ಬರೆದದ್ದಕ್ಕೆ ಫೀ ಬೇಡ ಎಂದಿದ್ದರು ಪಂಢರೀನಾಥರು. ನಲವತ್ತೊಂದು ತಾರೀಖು ಆ ರೊಟ್ಟಿ ತಮ್ಮ ಕಚೇರಿಯನ್ನು ಸಾಕಿದೆ ಎಂದರಂತೆ.

ಸಂಗಯ್ಯನವರು ಒಳಗೆ ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡಿದ್ದಳು. ಅವರು ಒಳಕಿಸೆಯಿಂದ ಮುನ್ನೂರು ತೆಗೆದು ಹಾಲಿನ ಗಡಿಗೆಯ ಪಕ್ಕ ಇಟ್ಟರು. ಅದರ ಮೇಲೆ ನೂರೈವತ್ತು ಇಟ್ಟು, ಕಮಿಷನಿನ ಅರ್ಧ ಅಮಾತೆಪ್ಪ ಕೊಟ್ಟ ಎಂದರು. ಶಂಕ್ರಪ್ಪನ ಸಂಚಕಾರಕ್ಕೆ ಇನ್ನೂ ನೂರೈವತ್ತು ಕಡಿಮೆ ಬೀಳುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲಾರದೆ ಅವರು ಗೋಡೆ ನೋಡುತ್ತ ನಿಂತರು. ಗುರುಲಿಂಗವ್ವ ಹಿಟ್ಟಿನ ಕೈಯಲ್ಲೇ ಹೋಗಿ ಹೆಸರುಕಾಳಿನ ಡಬ್ಬಿಯೊಳಗಿಂದ ಹಾಲಿನ ದುಡ್ಡು ತಂದು ಎಣಿಸಿಟ್ಟಳು. ನೋಟುಗಳಿಗೆ ಹಿಟ್ಟು ಹತ್ತಿತು.

"ನಾಳಿ ಅಮೀನಸಾಬಗ ಅರ್ಧ ಚೀಲ ಜ್ವಾಳ ಕಳಸೂಣು," ಉಣ್ಣುತ್ತ ಸಂಗಯ್ಯನವರು ಹೇಳಿದರು. "ಅದರಾಗ ಅರ್ಧ ಅಮಾತೆಪ್ಪನ ಕಡಿಂದ ಬರಬೇಕು. ಅವ ಅಳತಿ ಕಡಿಮಿ ಹಾಕ್ತಾನ, ನೋಡಿ ತಗೋ."

"ಕಮಿಷನರನ್ನ ಕರಸೂಣೇನಪಾ?" ಎಂದ ಬಸಯ್ಯ.

ಸಂಗಯ್ಯನವರು ಮಗನನ್ನು ಕಣ್ಣು ಕಿಸಿದು ನೋಡಿ, ಆ ಸರಕಾರದ ಕಾಗದ ಕಳಿಸಿದೆಯೋ ಇಲ್ಲವೋ ಎಂದು ಕೇಳಿದರು. ಕಳಿಸಿರಲಿಲ್ಲ. ಕಳಿಸುವ ಅವಧಿ ಯಾವಾಗಲೋ ಮುಗಿದಿತ್ತು. ಆದರೆ ಸಮಿತಿಗೂ ಮುಂದಿನ ತಾರೀಖು ಸಿಕ್ಕಿದೆಯೆಂದು ಪಂಢರೀನಾಥರು ಹೇಳಿದ್ದರು.

"ಹಂಗಾರ ತಾ. ಒಂಬತ್ತನೇದು ಹೊಡದ ಹಾಕು. ಅಮೀನಸಾಬ ಅಂತ ಬರಿ. ಅರ್ಧ ಚೀಲ ಅಂತ ಬರಿ."

ಬಸಯ್ಯ ಕಾಗದ ತಂದು ಮೊಣಕಾಲ ಮೇಲಿಟ್ಟು ಹೊಡೆದು ಹಾಕಿ ಬರೆದ. ಗುರುಲಿಂಗವ್ವ ಮಾವನ ತಾಟಿಗೆ ಎರಡು ಸವಟು ಮಜ್ಜಿಗೆ ಹಾಕಿದಳು, ಕೇಳದೆಯೇ.

"ನಾಲ್ಕನೇದಕ್ಕ ರೊಟ್ಟೀನೂ ಬರೀರಿ," ಎಂದಳು.

ಬಸಯ್ಯ ಅಪ್ಪನ ಮುಖ ನೋಡಿದ. ಸಂಗಯ್ಯನವರು ಮಜ್ಜಿಗೆ ಕಲಸುತ್ತಿದ್ದರು. ರಶೀದಿ ಕೇಳಲಿಲ್ಲ.

"ಎಷ್ಟಂತ ಬರೀಲಿ?"

"ಒಂಬೈನೂರಾ ಎರಡು. ಇವತ್ತಿಂದು ಹಿಡೀಬ್ಯಾಡ್ರಿ."